ಕ್ರಯ ಏರಿತು, ಕಾರು ನಿಂತಿತು

2022ನೇ ಇಸವಿ ಮೇ 5ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಒಂದು ಹಳೆಯ ಕಾರು ಏಲಂ ಆಯಿತು. ಕ್ರಯ 13 ಕೋಟಿ 50 ಲಕ್ಷ ಯೂರೋ. ಅಂದಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಸೊನ್ನೆ ಹೆಚ್ಚಾಯಿತೋ ಏನೋ ಎಂದು ಮತ್ತೆ ಎಣಿಸಬೇಕಾಗಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಏಲಂನಲ್ಲಿ ಇಷ್ಟು ಕ್ರಯಕ್ಕೆ ಹೋದ ಕಾರು ಪ್ರಪಂಚದಲ್ಲಿ ಬೇರೊಂದಿಲ್ಲ.

ಗಡಿಯಾಚೆಯ ಕನ್ನಡ ಶಾಲೆಯ ಮಾಸ್ತರರಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾರು ಕೊಳ್ಳುವ ಮಾತಂತೂ ಅಲ್ಲ, ಅದರ ಒಂದು ಚಕ್ರ ಕೊಳ್ಳಲಿಕ್ಕೂ ನಮ್ಮ ಇಡೀ ಸರ್ವೀಸಿನ ಸಂಬಳ ಸಾಲದು. ಆದರೆ ಈಗಿನ ಮಕ್ಕಳಿಗೆ ಕಾರುಗಳ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಫೆರಾರಿ, ಪೋರ್ಷೆ, ಜಾಗ್ವಾರ್ ಎಂದು ಐದನೇ ತರಗತಿಯವರೂ ಹೆಸರು ಹೇಳುತ್ತಾರೆ. ಮೊಬೈಲಿನಲ್ಲಿ ಚಿತ್ರ ನೋಡಿ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ್, ಇದಕ್ಕೆ ಕ್ರಯ ಎಷ್ಟು?" ಇದು ಎಷ್ಟು ವೇಗ ಓಡುತ್ತದೆ, ಯಾರು ಮಾಡಿದರು, ಹೇಗೆ ಮಾಡಿದರು ಎಂಬುದೆಲ್ಲ ಆಮೇಲಿನ ಮಾತು. ದೊಡ್ಡವರೂ ಹಾಗೆಯೇ. ಕ್ರಯ ಏರಿತೆಂದರೆ ಆ ವಸ್ತುವಿಗೆ ಮರ್ಯಾದೆ ಬಂತು, ಇನ್ನು ಅದು ಉಳಿಯಿತು ಎಂದು ನಾವೆಲ್ಲ ನಂಬಿಬಿಡುತ್ತೇವೆ. ಈ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ನಮ್ಮ ಅಭಿಪ್ರಾಯ. ಅದನ್ನು ತೋರಿಸಲಿಕ್ಕೆ ಹಳೆಯ ಸ್ಪೋರ್ಟ್ಸ್ ಕಾರುಗಳಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ.

ಮೊದಲು ಆ 1,100 ಕೋಟಿಯ ಕಾರಿನ ಕತೆ ಕೇಳಿ. ಅದು ಮರ್ಸಿಡಿಸ್ ಬೆಂಜ್ ಕಂಪೆನಿ 1955ರಲ್ಲಿ ತಯಾರಿಸಿದ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ. ಇಂಥವನ್ನು ಮಾಡಿದ್ದೇ ಎರಡು. ರೇಸಿಗೆ ಇಳಿಸಬೇಕೆಂದು ಮಾಡಿದ ಕಾರು. ಆದರೆ ಅದೇ ವರ್ಷ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಆ ಕಂಪೆನಿಯ ಒಂದು ಕಾರು ಅಪಘಾತಕ್ಕೀಡಾಗಿ, ಅದರ ಭಾಗಗಳು ಪ್ರೇಕ್ಷಕರ ಮೇಲೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಕಂಪೆನಿ ರೇಸಿನಿಂದಲೇ ಹಿಂದೆ ಸರಿಯಿತು. ಹಾಗಾಗಿ ಈ ಕೂಪೆ ಒಂದು ರೇಸಿನಲ್ಲೂ ಓಡಲಿಲ್ಲ. ಸುಮ್ಮನೆ ನಿಲ್ಲಲೂ ಇಲ್ಲ. ಅದನ್ನು ರೂಪಿಸಿದ ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ತಮ್ಮ ಕೆಲಸದ ಓಡಾಟಕ್ಕೆ ಅದನ್ನೇ ಬಳಸಿದರು! ಗಂಟೆಗೆ 290 ಕಿಲೋಮೀಟರ್ ಓಡಬಲ್ಲ ಕಾರಿನಲ್ಲಿ ಡ್ಯೂಟಿಗೆ ಹೋಗುವುದೆಂದರೆ ಹೇಗಿರಬಹುದು, ಯೋಚಿಸಿ. ಇಂದು ಪ್ರಪಂಚದಲ್ಲೇ ಅತಿ ಹೆಚ್ಚು ಕ್ರಯದ ಕಾರು ಅಂದು ಒಬ್ಬ ನೌಕರರ ಓಡಾಟದ ಗಾಡಿ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಫೆರಾರಿಯ ಲೆಕ್ಕ. ಇಟಲಿಯ ಈ ಕಂಪೆನಿ 1962ರಿಂದ 1964ರ ನಡುವೆ 250 ಜಿಟಿಓ ಎಂಬ ರೇಸ್ ಕಾರನ್ನು ತಯಾರಿಸಿತು. ಒಟ್ಟು 36 ಕಾರುಗಳು. ಅಮೆರಿಕದಲ್ಲಿ ಆಗ ಒಂದರ ಕ್ರಯ ಸುಮಾರು 18,000 ಡಾಲರ್. ಡಾಲರಿಗೆ ಐದು ರೂಪಾಯಿಯೂ ಇಲ್ಲದ ಆ ಕಾಲದಲ್ಲಿ ಅದು ಸುಮಾರು 85 ಸಾವಿರ ರೂಪಾಯಿ. ಇದೇ ಜಾತಿಯ ಕಾರೊಂದು 2014ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 3 ಕೋಟಿ 81 ಲಕ್ಷ ಡಾಲರಿಗೆ ಏಲಂ ಆಯಿತು. 2018ರಲ್ಲಿ ಇನ್ನೊಂದು 4 ಕೋಟಿ 84 ಲಕ್ಷಕ್ಕೆ. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಂದು 5 ಕೋಟಿ 17 ಲಕ್ಷಕ್ಕೆ.

ನಾವು ಲೆಕ್ಕದ ಪಾಠ ಮಾಡುವವರಾದ್ದರಿಂದ ಇದನ್ನು ಹಾಗೆಯೇ ಬಿಡಲು ಮನಸ್ಸಾಗುವುದಿಲ್ಲ. 1962ರ ಒಂದು ಡಾಲರಿಗೆ ಸಿಗುತ್ತಿದ್ದ ಸಾಮಾನಿಗೆ ಈಗ ಅಮೆರಿಕದಲ್ಲಿ ಸುಮಾರು ಹತ್ತು ಡಾಲರ್ ಕೊಡಬೇಕು. ಅಂದರೆ ಬೆಲೆಯೇರಿಕೆಯ ಲೆಕ್ಕ ಮಾತ್ರ ಹಿಡಿದರೆ 18,000 ಡಾಲರಿನ ಕಾರು ಈಗ ಎರಡು ಲಕ್ಷ ಡಾಲರಿನ ಒಳಗೆ ಇರಬೇಕಿತ್ತು. ಆದರೆ ಅದು ಏರಿದ್ದು ಸುಮಾರು 2,800 ಪಟ್ಟು. 61 ವರ್ಷಗಳಲ್ಲಿ 2,800 ಪಟ್ಟು ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 14ರ ಚಕ್ರಬಡ್ಡಿ. ಹೈಸ್ಕೂಲಿನ ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕ ಕೊಡುವಾಗ ಬ್ಯಾಂಕಿನ ಠೇವಣಿಯನ್ನೇ ಏಕೆ ಹಿಡಿಯಬೇಕು, ಒಂದು ಸಲ ಇದನ್ನು ಕೊಟ್ಟು ನೋಡಿ. ಹಿಂದಿನ ಬೆಂಚಿನವರೂ ಪೆನ್ನು ತೆಗೆಯುತ್ತಾರೆ.

ಆದರೆ ಇದೇ ಲೆಕ್ಕದೊಳಗೆ ಒಂದು ಮೋಸ ಇದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ಇದು ಗೆದ್ದ ಕಾರಿನ ಲೆಕ್ಕ. ಅದೇ 1962ರಲ್ಲಿ ತಯಾರಾದ ಲಕ್ಷಗಟ್ಟಲೆ ಬೇರೆ ಕಾರುಗಳು ತುಕ್ಕು ಹಿಡಿದು ಗುಜರಿಗೆ ಹೋದವು. ಅವುಗಳ ಮಾಲೀಕರಿಗೆ ಚಕ್ರಬಡ್ಡಿ ಬಿಡಿ, ಅಸಲೂ ಸಿಗಲಿಲ್ಲ. ಗೆದ್ದ ಕಾರಿಗೂ ಅರುವತ್ತು ವರ್ಷ ಇನ್ಶೂರೆನ್ಸ್, ರಿಪೇರಿ, ಇಡುವ ಜಾಗದ ಬಾಡಿಗೆ ಎಂದು ಎಷ್ಟು ಸುರಿದಿರಬೇಕು? ಲಾಟರಿ ಗೆದ್ದವರ ಫೋಟೋ ಮಾತ್ರ ಪೇಪರಿನಲ್ಲಿ ಬರುತ್ತದೆ. ಕೇರಳದಲ್ಲಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕ್ರಯ ಹೀಗೆ ಏರಲು ಕಾರಣವೇನು? ಮೊದಲನೆಯದು ಸುಲಭದ್ದು. 36 ಇದ್ದದ್ದು 37 ಆಗುವುದಿಲ್ಲ, ಕೊಳ್ಳುವವರು ಮಾತ್ರ ಹೆಚ್ಚುತ್ತಾರೆ. ಎರಡನೆಯದು ಮನುಷ್ಯನ ವಯಸ್ಸಿಗೆ ಸಂಬಂಧಪಟ್ಟದ್ದು. ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡ ಕಾರಿನ ಚಿತ್ರವನ್ನು ಯಾರೂ ಮರೆಯುವುದಿಲ್ಲ. ಐವತ್ತು ವರ್ಷವಾಗಿ ಕೈಯಲ್ಲಿ ದುಡ್ಡು ಸೇರಿದಾಗ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ 1987ರಲ್ಲಿ ಬಂದ ಫೆರಾರಿ ಎಫ್40, ಸುಮಾರು 1,300 ತಯಾರಾಗಿದ್ದರೂ, ಈಗ 20 ಲಕ್ಷ ಡಾಲರ್ ದಾಟಿದೆ. 1940, 50ರ ದಶಕಗಳ ಎಷ್ಟೋ ಒಳ್ಳೆಯ ಕಾರುಗಳ ಕ್ರಯ ಮಾತ್ರ ಕುಸಿಯುತ್ತಿದೆ. ಅವುಗಳನ್ನು ಕನಸಿನಲ್ಲಿ ಕಂಡ ತಲೆಮಾರು ಹೋಗುತ್ತಿದೆ, ಅಷ್ಟೇ ಕಾರಣ.

ಮೂರನೆಯದು ದುಡ್ಡಿನ ಹರಿವು. 1987ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಕೆಲವರು ದುಡ್ಡನ್ನು ಕಣ್ಣಿಗೆ ಕಾಣುವ ವಸ್ತುಗಳ ಮೇಲೆ ಹಾಕತೊಡಗಿದರು. 1988ರ ಆಗಸ್ಟಿನಲ್ಲಿ ಎಂಜೋ ಫೆರಾರಿ ತೀರಿಕೊಂಡರು. ಜಪಾನಿನಲ್ಲಿ ಆಗ ಭೂಮಿಯ ಬೆಲೆ ಮುಗಿಲು ಮುಟ್ಟಿತ್ತು, ಅಲ್ಲಿನ ದುಡ್ಡೂ ಈ ಪೇಟೆಗೆ ಬಂತು. 1989ರ ಹೊತ್ತಿಗೆ ಜಿಟಿಓ ಒಂದು ಕೋಟಿ ಡಾಲರ್ ದಾಟಿತು. ಸಾಲ ಮಾಡಿ ಕಾರು ಕೊಂಡವರೂ ಇದ್ದರು. 1990ರಲ್ಲಿ ಗುಳ್ಳೆ ಒಡೆಯಿತು. ಕೆಲವೇ ವರ್ಷಗಳಲ್ಲಿ ಅದೇ ಕಾರು ಮೂರನೇ ಒಂದು ಭಾಗದ ಕ್ರಯಕ್ಕೂ ಹೋಗದ ಸ್ಥಿತಿ ಬಂತು. ಅಡಿಕೆ ಕ್ರಯದ ಏರಿಳಿತ ಕಂಡ ನಮ್ಮೂರಿನ ಕೃಷಿಕರಿಗೆ ಈ ಕತೆ ಹೊಸತಲ್ಲ. 2008ರ ಆರ್ಥಿಕ ಕುಸಿತದ ಬಳಿಕ ಅದೇ ಆಟ ಮತ್ತೆ ಶುರುವಾಯಿತು. ಬ್ಯಾಂಕಿನ ಬಡ್ಡಿ ನೆಲಕಚ್ಚಿತ್ತು. ಚಿನ್ನ, ಚಿತ್ರಕಲೆಗಳ ಜತೆಗೆ ಕಾರೂ ಹೂಡಿಕೆಯ ಪಟ್ಟಿಗೆ ಸೇರಿತು.

ನಾಲ್ಕನೆಯ ಕಾರಣ ನಮಗೆ ಎಲ್ಲಕ್ಕಿಂತ ತಮಾಷೆಯಾಗಿ ಕಂಡದ್ದು. ಇಂಗ್ಲೆಂಡಿನ ತೆರಿಗೆ ಕಾನೂನು ಖಾಸಗಿ ಕಾರನ್ನು ಸವೆದುಹೋಗುವ ವಸ್ತು ಎಂದು ಎಣಿಸುತ್ತದೆ. ಸವೆಯುವ ವಸ್ತುವಿನಿಂದ ಲಾಭ ಎಲ್ಲಿ ಬರುತ್ತದೆ ಎಂಬುದು ಕಾನೂನಿನ ತರ್ಕ. ಹಾಗಾಗಿ ಅಲ್ಲಿ ಒಬ್ಬರು ತಮ್ಮ ಹಳೆಯ ಕಾರನ್ನು ಹತ್ತು ಪಟ್ಟು ಕ್ರಯಕ್ಕೆ ಮಾರಿದರೂ, ಕಾರು ವ್ಯಾಪಾರವೇ ಅವರ ಕಸುಬಾಗಿರದಿದ್ದರೆ, ಆ ಲಾಭದ ಮೇಲೆ ತೆರಿಗೆ ಇಲ್ಲ. ಪ್ರತಿ ಮಾರ್ಚಿನಲ್ಲಿ ಸಂಬಳದಿಂದಲೇ ತೆರಿಗೆ ಹಿಡಿಸಿಕೊಳ್ಳುವ ನಮ್ಮಂಥವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು, ಅಷ್ಟೆ.

ಇರಲಿ. ಶ್ರೀಮಂತರು ತಮ್ಮ ದುಡ್ಡನ್ನು ಎಲ್ಲಿ ಬೇಕಾದರೂ ಹಾಕಲಿ, ನಮಗೇನು ನಷ್ಟ ಎಂದು ಯಾರಾದರೂ ಹೇಳಬಹುದು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ವಾದವೂ ಇದೆ: ಕ್ರಯ ಏರಿದ್ದರಿಂದಲೇ ಈ ಕಾರುಗಳು ಉಳಿದವು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಒಂದು ಶಾಲೆಯ ಕತೆಯೇ ಸಾಕ್ಷಿ.

ಅಮೆರಿಕದ ಟೆಕ್ಸಾಸಿನಲ್ಲಿ ವಿಕ್ಟೋರಿಯಾ ಎಂಬ ಊರಿದೆ. 1964ರಲ್ಲಿ ಅಲ್ಲಿನ ವಿಕ್ಟೋರಿಯಾ ಹೈಸ್ಕೂಲಿಗೆ ಒಂದು ರೇಸ್ ತಂಡದ ಮಾಲೀಕರು ಕಾರೊಂದನ್ನು ದಾನ ಕೊಟ್ಟರು. ಮಕ್ಕಳಿಗೆ ಮೋಟಾರು ರಿಪೇರಿ ಕಲಿಸುವ ವಿಭಾಗ ಆ ಶಾಲೆಯಲ್ಲಿತ್ತು, ಅಲ್ಲಿಗೆಂದು ಕೊಟ್ಟದ್ದು. ಆ ಕಾರು ಯಾವುದು ಬಲ್ಲಿರಾ? ಅದೇ ಫೆರಾರಿ 250 ಜಿಟಿಓ! ಆಗ ಅದು ರೇಸ್ ಓಡಿ ದಣಿದ, ಎರಡು ವರ್ಷ ಹಳೆಯ ಕಾರು ಮಾತ್ರ. ಕೆಲವು ವರ್ಷ ಅದು ಶಾಲೆಯಲ್ಲಿತ್ತು. 1972ರಲ್ಲಿ ಶಾಲೆಯವರು ಅದನ್ನು 6,500 ಡಾಲರಿಗೆ, ಎಂದರೆ ಆಗಿನ ಸುಮಾರು ಐವತ್ತು ಸಾವಿರ ರೂಪಾಯಿಗೆ ಮಾರಿದರು. ಕೊಂಡವರು ಅದನ್ನು ಓಹಿಯೋ ರಾಜ್ಯದ ಒಂದು ಬಯಲಿನಲ್ಲಿ ಟ್ರೇಲರಿನ ಮೇಲೆ ವರ್ಷಗಟ್ಟಲೆ ಬಿಟ್ಟರು. ಮಳೆ, ಹಿಮ, ಬಿಸಿಲು ಎಲ್ಲ ಅದರ ಮೇಲೆಯೇ. 1980ರ ದಶಕದ ಕೊನೆಗೆ ಕ್ರಯ ಏರಿದ ಮೇಲಷ್ಟೇ ಅದಕ್ಕೆ ಬಯಲಿನಿಂದ ಬಿಡುಗಡೆ ಸಿಕ್ಕಿ, ದುರಸ್ತಿಯಾಗಿ ಮರುಜನ್ಮ ಬಂತು.

ಕ್ರಯ ಏರದಿದ್ದರೆ ಅದು ಅಲ್ಲೇ ಮಣ್ಣಾಗುತ್ತಿತ್ತು. ಇದು ಒಪ್ಪಬೇಕಾದ ಮಾತು. ಆದರೆ ಈ ಕತೆ ಹೇಳುವವರೆಲ್ಲ ಕೊನೆಗೆ ಒಂದೇ ಮಾತು ಸೇರಿಸುತ್ತಾರೆ: "ಪಾಪ, ಆ ಶಾಲೆ ಎಂಥಾ ನಷ್ಟ ಮಾಡಿಕೊಂಡಿತು! ಇಟ್ಟುಕೊಂಡಿದ್ದರೆ ಇಂದು ನೂರಾರು ಕೋಟಿ!" ಇಲ್ಲಿ ನಮಗೆ ಸಮ್ಮತಿ ಇಲ್ಲ. ಆ ಶಾಲೆಗೆ ಕಾರು ಬಂದದ್ದು ಮಾರಿ ಲಾಭ ಮಾಡಲಿಕ್ಕಲ್ಲ. ಹದಿನೈದು ಹದಿನಾರರ ಮಕ್ಕಳು ಹನ್ನೆರಡು ಸಿಲಿಂಡರಿನ ರೇಸ್ ಎಂಜಿನ್ನಿನ ಹತ್ತಿರ ನಿಂತು, ಅದರ ಮುಚ್ಚಳ ತೆಗೆದು ನೋಡುವ ಭಾಗ್ಯ ಅದೊಂದು ಕಾಲದಲ್ಲಿ ಒಂದು ಸಾಮಾನ್ಯ ಸರಕಾರಿ ಶಾಲೆಗೆ ಸಿಕ್ಕಿತ್ತು. ಇಂದು ಎಷ್ಟು ದೊಡ್ಡ ಶಾಲೆಯಾದರೂ ಅದು ಸಿಗದು. 5 ಕೋಟಿ ಡಾಲರಿನ ಕಾರಿನ ನಟ್ಟಿಗೆ ಯಾವ ವಿದ್ಯಾರ್ಥಿಯ ಕೈಗೆ ಸ್ಪ್ಯಾನರ್ ಕೊಡುತ್ತಾರೆ? ಕ್ರಯ ಆ ಕಾರನ್ನು ಬಯಲಿನಿಂದ ಎತ್ತಿತು, ನಿಜ. ಹಾಗೆಯೇ ಮಕ್ಕಳ ಕೈಯಿಂದಲೂ ಶಾಶ್ವತವಾಗಿ ಎತ್ತಿಬಿಟ್ಟಿತು. ನಷ್ಟದ ಲೆಕ್ಕ ಬರೆಯುವಾಗ ಎರಡನ್ನೂ ಬರೆಯಬೇಕು.

ಕ್ರಯ ಒಂದು ಮಟ್ಟ ದಾಟಿದ ಮೇಲೆ ಕಾರು ಕಾರಾಗಿ ಉಳಿಯುವುದೇ ಕಷ್ಟ. ಓಡಿಸಿದರೆ ಸವೆಯುತ್ತದೆ, ತಾಗಿದರೆ ಕೋಟಿ ಹೋಗುತ್ತದೆ. ಆದ್ದರಿಂದ ಹವಾನಿಯಂತ್ರಿತ ಗೋದಾಮಿನಲ್ಲಿ ಮುಸುಕು ಹೊದ್ದು ಮಲಗುತ್ತದೆ. ಏಲಂನ ಪುಸ್ತಕದಲ್ಲಿ ಕಾರಿನ ಓಟಕ್ಕಿಂತ ಅದರ ಕಾಗದಪತ್ರಗಳ ವರ್ಣನೆಯೇ ಉದ್ದ. ಎಂಜಿನ್ನಿನ ನಂಬರು ಮೊದಲಿನದ್ದೋ, ಗೇರ್ ಬಾಕ್ಸಿನ ನಂಬರು ತಾಳೆಯಾಗುತ್ತದೋ, ಯಾರಿಂದ ಯಾರಿಗೆ ಬಂತು, ಎಲ್ಲಕ್ಕೂ ದಾಖಲೆ ಬೇಕು. ನಮ್ಮಲ್ಲಿ ಜಾಗದ ಆಧಾರ ನೋಡುವ ಹಾಗೆ ಅಲ್ಲಿ ಕಾರಿನ ಜಾತಕ ನೋಡುತ್ತಾರೆ.

ಇನ್ನೂ ವಿಚಿತ್ರ ಕೇಳಿ. ಬೇಡಿಕೆ ಕಂಡು ಕಂಪೆನಿಗಳೇ ಈಗ ಹಳೆಯ ಕಾರನ್ನು ಹೊಸದಾಗಿ ಮಾಡಿ ಮಾರುತ್ತಿವೆ. ಜಾಗ್ವಾರ್ ಕಂಪೆನಿ 1963ರಲ್ಲಿ ಹಗುರ ಮೈಯ ಇ-ಟೈಪ್ ರೇಸ್ ಕಾರು 18 ಮಾಡಬೇಕೆಂದು ನಂಬರು ಹಾಕಿಟ್ಟು, 12 ಮಾತ್ರ ಮಾಡಿತ್ತು. 2014ರಲ್ಲಿ ಉಳಿದ ಆರು ನಂಬರಿಗೆ ಆರು ಕಾರು ಮಾಡುವುದಾಗಿ ಸಾರಿತು. ಐವತ್ತು ವರ್ಷದ ಬಾಕಿ ಹೋಂವರ್ಕ್ ಪೂರೈಸಿದ ಹಾಗೆ! ಆಸ್ಟನ್ ಮಾರ್ಟಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1964ರ ಜೇಮ್ಸ್ ಬಾಂಡ್ ಸಿನಿಮಾ 'ಗೋಲ್ಡ್‌ಫಿಂಗರ್'ನಲ್ಲಿ ಬಂದ ಡಿಬಿ5 ಕಾರನ್ನು, ತಿರುಗುವ ನಂಬರ್ ಪ್ಲೇಟಿನ ಸಮೇತ, 2020ರಲ್ಲಿ ಮತ್ತೆ ತಯಾರಿಸಿತು. ಗಿರಾಕಿಗಳಿಗೆ 25 ಕಾರು, ಒಂದಕ್ಕೆ ತೆರಿಗೆ ಬಿಟ್ಟು 27 ಲಕ್ಷ 50 ಸಾವಿರ ಪೌಂಡ್. ಆದರೆ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ! ಈಗಿನ ಸುರಕ್ಷೆ, ಹೊಗೆಯ ನಿಯಮಗಳಿಗೆ ಅದು ಹೊಂದುವುದಿಲ್ಲ. ಕೋಟಿಗಟ್ಟಲೆ ಕೊಟ್ಟು ರಸ್ತೆಗೆ ಇಳಿಯದ ಕಾರು ಕೊಳ್ಳುವುದು. ಇದಕ್ಕೆ ಏನೆನ್ನಬೇಕೋ ನೀವೇ ಹೇಳಿ. 2019ರಲ್ಲಿ ಇಟಲಿಯ ಬೊಲೊನ್ಯಾ ನಗರದ ನ್ಯಾಯಾಲಯ ಫೆರಾರಿ 250 ಜಿಟಿಓ ಒಂದು ಕಲಾಕೃತಿ, ಅದರ ನಕಲು ಮಾಡಬಾರದು ಎಂದೂ ತೀರ್ಪು ಕೊಟ್ಟಿತು. ಗೆಲ್ಲಲಿಕ್ಕೆಂದು ತಗಡು ಬಡಿದು ಮಾಡಿದ ರೇಸ್ ಗಾಡಿ ಶಿಲ್ಪವಾಯಿತು.

ಹಾಗಾದರೆ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ನಿಜವಾಗಿ ಬದುಕಿರುವುದು ಯಾವುದು? ನಮ್ಮ ಉತ್ತರ ಎಂಜಿಬಿ. ಇದೂ ಜಿಟಿಓ ಹುಟ್ಟಿದ 1962ರಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಎರಡು ಸೀಟಿನ, ಮಡಚುವ ಮಾಡಿನ ಸಣ್ಣ ಕಾರು. 1980ರ ತನಕ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅಲ್ಲಿನ ಗುಮಾಸ್ತರು, ಶಾಲಾ ಮಾಸ್ತರರು ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅದು. ಇಂದಿಗೂ ಓಡುವ ಸ್ಥಿತಿಯ ಎಂಜಿಬಿ ಇಂಗ್ಲೆಂಡಿನಲ್ಲಿ ಹೊಸ ಸಣ್ಣ ಕಾರಿಗಿಂತ ಕಡಿಮೆ ಕ್ರಯಕ್ಕೆ ಸಿಗುತ್ತದೆ. ಅದರ ಸ್ಪೇರ್ ಪಾರ್ಟು ಎಲ್ಲ ಸಿಗುತ್ತದೆ. ಅಷ್ಟೇ ಅಲ್ಲ, ಮೈಪೂರ್ತಿ ತುಕ್ಕು ಹಿಡಿದರೆ 1988ರಿಂದ ಅದರ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಿದ್ದಾರೆ. ಭಾನುವಾರ ಗಂಡ ಹೆಂಡತಿ ಸೇರಿ ಮನೆಯಂಗಳದಲ್ಲೇ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಹುದು. ಗೊತ್ತಾಗದಿದ್ದರೆ ಕ್ಲಬ್ಬಿನ ಹಿರಿಯರು ಬಂದು ತೋರಿಸಿಕೊಡುತ್ತಾರೆ.

ಜಿಟಿಓ ಉಳಿದದ್ದು ಕ್ರಯದಿಂದ. ಎಂಜಿಬಿ ಉಳಿದದ್ದು ಬಳಸುವವರಿಂದ. ಪೇಟೆ ಬಿದ್ದರೆ ಮೊದಲನೆಯದರ ಗತಿ ಏನಾಗುತ್ತದೋ ತಿಳಿಯದು, ಬಯಲಿನ ಟ್ರೇಲರನ್ನು ನಾವು ಕಂಡಿದ್ದೇವೆ. ಎರಡನೆಯದಕ್ಕೆ ಪೇಟೆಯ ಹಂಗು ಅಷ್ಟಿಲ್ಲ. ನಮ್ಮ ಕಾಸರಗೋಡಿನ ಗುಡ್ಡದ ದಾರಿಗಳಲ್ಲಿ ಅಡಿಕೆ, ಗೊಬ್ಬರ, ಜನ ಎಲ್ಲವನ್ನೂ ಹೊತ್ತು ಏರುವ ಹಳೆಯ ಜೀಪುಗಳನ್ನು ನೋಡಿ. ಅವಕ್ಕೆ ಯಾವ ಏಲಂ ಮನೆಯ ಸರ್ಟಿಫಿಕೇಟೂ ಇಲ್ಲ. ಜಂಕ್ಷನಿಗೊಬ್ಬ ಮೆಕ್ಯಾನಿಕ್ ಇದ್ದಾನೆ, ಅವನ ಕೈಕೆಳಗೆ ಕಲಿಯುವ ಒಬ್ಬ ಹುಡುಗ ಇದ್ದಾನೆ. ಜೀಪು ಬದುಕಿರುವುದು ಅವರ ಬಲದಲ್ಲಿ.

ಕ್ರಯದ ಈ ಓಟ ಎಂಜಿಬಿಯಂಥ ಕಾರುಗಳಿಗೆ ತಗಲಿಲ್ಲ, ನಿಜ. ಆದರೆ ನಡುವಿನ ಸಾಲಿನ ಕಾರುಗಳಿಗೆ ತಗಲಿತು. ಪೋರ್ಷೆ 911ರ ಗಾಳಿಯಿಂದ ತಣಿಯುವ ಎಂಜಿನ್ನಿನ ಕಾರುಗಳ ತಯಾರಿ 1998ಕ್ಕೆ ನಿಂತಿತು. ಅಲ್ಲಿಂದ ಹಲವು ವರ್ಷ ಅವು ಜರ್ಮನಿ, ಇಂಗ್ಲೆಂಡುಗಳಲ್ಲಿ ಮಧ್ಯಮ ವರ್ಗದ ಆಸಕ್ತರ ಕೈಗೆಟುಕುವ ಹಳೆಯ ಕಾರುಗಳಾಗಿದ್ದವು. 2010ರ ಬಳಿಕ ಅವುಗಳ ಕ್ರಯ ಪಟ್ಟು ಪಟ್ಟಾಗಿ ಏರಿತು. ಓಡಿಸಲಿಕ್ಕೆ ಕೊಳ್ಳುತ್ತಿದ್ದವರ ಜಾಗಕ್ಕೆ ಇಟ್ಟು ಮಾರಲಿಕ್ಕೆ ಕೊಳ್ಳುವವರು ಬಂದರು. ನಮ್ಮ ಆಕ್ಷೇಪ ಇರುವುದು ಇಲ್ಲಿ. 1,100 ಕೋಟಿಯ ಕಾರು ಯಾರ ಬಳಿ ಇದ್ದರೂ ನಮಗೆ ಒಂದೇ. ಪ್ರೀತಿಯಿಂದ ಬಳಸುತ್ತಿದ್ದವರನ್ನು ಕ್ರಯ ಹೊರಗೆ ಹಾಕಿದಾಗ ಮಾತ್ರ ಏನೋ ಒಂದು ಮುರಿಯುತ್ತದೆ. ಅಪ್ಪನ ಹತ್ತಿರ ನಿಂತು ಟಾರ್ಚ್ ಹಿಡಿಯುತ್ತ ಕಲಿಯುವ ಮಗ, ಮಗಳು ಅಲ್ಲಿಗೆ ನಿಂತುಹೋಗುತ್ತಾರೆ.

ಮುಖ್ಯ ಪ್ರಶ್ನೆ ಕೈಕಸುಬಿನದ್ದು. ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಬಾಗಿಸುವವರು, ತಂತಿ ಚಕ್ರ ನೇಯುವವರು, ಹಳೆಯ ಕಾರ್ಬ್ಯುರೇಟರಿನ ಸದ್ದು ಕೇಳಿಯೇ ದೋಷ ಹೇಳುವವರು ಮುದುಕರಾಗುತ್ತಿದ್ದಾರೆ. ಎಷ್ಟು ಕೋಟಿ ಕೊಟ್ಟರೂ ಈ ಬುದ್ಧಿವಂತಿಕೆ ಏಲಂನಲ್ಲಿ ಸಿಗುವುದಿಲ್ಲ. ಸಂತೋಷದ ಸಂಗತಿ ಎಂದರೆ ಇದನ್ನು ಅರಿತ ಕೆಲವರಾದರೂ ಇದ್ದಾರೆ. ಅಮೆರಿಕದ ಕಾನ್ಸಾಸಿನಲ್ಲಿ ಮೆಕ್‌ಫರ್ಸನ್ ಕಾಲೇಜು ಎಂಬ ಒಂದು ಸಣ್ಣ ಕಾಲೇಜು 1976ರಿಂದ ಹಳೆಯ ಕಾರುಗಳ ದುರಸ್ತಿಯನ್ನೇ ವಿಷಯವಾಗಿ ಕಲಿಸುತ್ತಿದೆ, ಈಗ ಅದರಲ್ಲಿ ಪದವಿಯನ್ನೇ ಪಡೆಯಬಹುದು. ಅಲ್ಲಿನ ವಿದ್ಯಾರ್ಥಿಗಳು ದುರಸ್ತಿ ಮಾಡಿದ 1953ರ ಮರ್ಸಿಡಿಸ್ ಕಾರು 2023ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಹೆಸರುವಾಸಿ ಪ್ರದರ್ಶನದಲ್ಲಿ ತನ್ನ ವಿಭಾಗದ ಎರಡನೇ ಬಹುಮಾನ ಪಡೆಯಿತು. ಇಂಗ್ಲೆಂಡಿನ ಬೈಸೆಸ್ಟರಿನಲ್ಲಿ ಹಳೆಯ ವಾಯುಪಡೆ ನೆಲೆಯೊಂದರ ಕಟ್ಟಡಗಳಲ್ಲಿ ಹುಡುಗ ಹುಡುಗಿಯರಿಗೆ ಇದೇ ಕಸುಬಿನ ತರಬೇತಿ ನಡೆಯುತ್ತಿದೆ.

ನಾವು ಮೊದಲು ಹೇಳಿದ ಆ 1,100 ಕೋಟಿ ಏನಾಯಿತು ಗೊತ್ತೇ? ಮರ್ಸಿಡಿಸ್ ಕಂಪೆನಿ ಆ ದುಡ್ಡನ್ನು ಪರಿಸರ ಮತ್ತು ಇಂಗಾಲ ಕಡಿತದ ವಿಷಯದಲ್ಲಿ ಕಲಿಯುವ, ಸಂಶೋಧನೆ ಮಾಡುವ ಯುವಜನರ ವಿದ್ಯಾರ್ಥಿವೇತನಕ್ಕೆಂದು ನಿಧಿಯಾಗಿ ಇಟ್ಟಿತು. ಕಾರನ್ನು ವಿಶೇಷ ಸಂದರ್ಭಗಳಲ್ಲಿ ಜನರಿಗೆ ತೋರಿಸಲು ಕೊಂಡವರು ಒಪ್ಪಿದರು. ಎರಡನೆಯ ಕಾರು ಕಂಪೆನಿಯ ಬಳಿಯೇ ಉಳಿಯಿತು. ಇದು ಒಳ್ಳೆಯ ರೀತಿ ಎಂದು ಮುಕ್ತವಾಗಿ ಹೇಳಬೇಕು. ಆದರೆ ಎಲ್ಲ ಕಡೆ ಇಷ್ಟು ಚೆನ್ನಾಗಿ ಆಗುವುದಿಲ್ಲ. ಇದೇ ಕಂಪೆನಿ 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ರೇಸ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ 1954ರ ಕಾಲದ ಇನ್ನೊಂದು ರೇಸ್ ಕಾರನ್ನು ಆ ಮ್ಯೂಸಿಯಂ 2025ರ ಫೆಬ್ರವರಿಯಲ್ಲಿ 5 ಕೋಟಿ 11 ಲಕ್ಷ ಯೂರೋಗೆ ಏಲಂ ಮಾಡಿತು. ಮ್ಯೂಸಿಯಮ್ಮಿನ ಭವಿಷ್ಯಕ್ಕೆ ದುಡ್ಡು ಬೇಕಿತ್ತು ಎಂಬುದು ಅವರ ಸಮಾಧಾನ. ಅರುವತ್ತು ವರ್ಷ ಟಿಕೆಟ್ ತೆಗೆದು ಬಂದ ಯಾವ ಮಗುವಾದರೂ ನೋಡಬಹುದಾಗಿದ್ದ ಕಾರು ಒಬ್ಬರ ಸೊತ್ತಾಯಿತು.

ಇದರ ನಡುವೆ ನಮಗೆ ಮೆಚ್ಚುಗೆಯಾದ ಮನುಷ್ಯ ಒಬ್ಬರಿದ್ದಾರೆ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ಸಂಗೀತ ತಂಡದ ಡ್ರಮ್ ವಾದಕ ನಿಕ್ ಮೇಸನ್. ಅವರು 1977ರಲ್ಲಿ ಜಿಟಿಓ ಒಂದನ್ನು ನಲವತ್ತು ಸಾವಿರ ಪೌಂಡಿಗಿಂತ ಕಡಿಮೆಗೆ ಕೊಂಡರು. ಕ್ರಯ ಆಕಾಶಕ್ಕೇರಿದರೂ ಮಾರಲಿಲ್ಲ, ಬೀಗ ಹಾಕಿಯೂ ಇಡಲಿಲ್ಲ. ರಸ್ತೆಯಲ್ಲಿ ಓಡಿಸಿದರು, ಹಳೆಯ ಕಾರುಗಳ ರೇಸಿನಲ್ಲೂ ಇಳಿಸಿದರು. ಶ್ರೀಮಂತರಿಗೆ ಅದು ಸಾಧ್ಯ ಎನ್ನಬೇಡಿ, ಅವರಿಗಿಂತ ಎಷ್ಟೋ ದೊಡ್ಡ ಶ್ರೀಮಂತರಿಗೆ ಅದು ಸಾಧ್ಯವಾಗಿಲ್ಲ.

ಓದುಗ ಮಿತ್ರರೇ, ನಮ್ಮ ಸುತ್ತಮುತ್ತಲೂ ಇದೇ ನಡೆಯುತ್ತಿದೆ. ಹಳೆಯ ಮನೆಗಳ ಹಲಸಿನ ಮರದ ಕಂಬ, ಕೆತ್ತನೆಯ ದಾರಂದ, ಕಂಚಿನ ಉರುಳಿ, ಭತ್ತ ಅಳೆಯುತ್ತಿದ್ದ ಸೇರು ಇವಕ್ಕೆಲ್ಲ ಈಗ ಒಳ್ಳೆಯ ಕ್ರಯ. ಲಾರಿ ಬಂದು ಕೊಂಡುಹೋಗುತ್ತದೆ, ಅವು ಎಲ್ಲೋ ರೆಸಾರ್ಟಿನ ಗಾಜಿನ ಹಿಂದೆ ದೀಪ ಹಾಕಿಸಿಕೊಂಡು ನಿಲ್ಲುತ್ತವೆ. ಮನೆಯವರಿಗೆ ದುಡ್ಡಿನ ಅಗತ್ಯವಿದ್ದರೆ ಮಾರಲಿ, ಅದಕ್ಕೆ ನಾವು ಬೇಡವೆನ್ನಲಾರೆವು. ಆದರೆ ಕ್ರಯ ಬಂತು, ಇನ್ನು ನಮ್ಮ ಹಳೆಯದು ಉಳಿಯಿತು ಎಂಬ ಸಮಾಧಾನ ಮಾತ್ರ ಬೇಡ. ಆ ದಾರಂದ ಕೆತ್ತಬಲ್ಲ ಆಚಾರಿಯ ಮಗ ಉಳಿ ಹಿಡಿಯುತ್ತಾನೋ ಇಲ್ಲವೋ ಎಂಬುದೇ ಅದಕ್ಕಿಂತ ದೊಡ್ಡ ಪ್ರಶ್ನೆ. ಭಾಷೆಯ ವಿಷಯದಲ್ಲೂ ಇದೇ ಮಾತು ಎಂದು ಬೇರೆ ಹೇಳಬೇಕಾಗಿಲ್ಲ. ಗಡಿನಾಡಿನವರಾದ ನಮಗೆ ಅದು ದಿನನಿತ್ಯದ ಪಾಠ.

ಶಾಲೆಗಳಲ್ಲಿ ನಮ್ಮಿಂದ ಆಗುವುದು ಸ್ವಲ್ಪ ಇದೆ. ಊರಿನ ಹಳೆಯ ಮೆಕ್ಯಾನಿಕ್ಕನ್ನು ಒಂದು ದಿನ ತರಗತಿಗೆ ಕರೆಯಿರಿ. ಕೆಟ್ಟುಹೋದ ಒಂದು ಸ್ಕೂಟರ್ ಎಂಜಿನ್ ಯಾರಾದರೂ ಹಳೆ ವಿದ್ಯಾರ್ಥಿ ಕೊಟ್ಟರೆ ಬೇಡವೆನ್ನದೆ ತೆಗೆದುಕೊಳ್ಳಿ, ಮಕ್ಕಳು ಬಿಚ್ಚಿ ನೋಡಲಿ. ವೃತ್ತಿ ಪರಿಚಯ ಮೇಳಕ್ಕೆ ಬಹುಮಾನದ ಆಸೆಯಿಂದ ಥರ್ಮೋಕೋಲಿನ ಮಾದರಿ ಮಾಡಿಸುವುದಕ್ಕಿಂತ ಇದು ಮೇಲು. ಕೈಗೆ ಎಣ್ಣೆ ಮೆತ್ತಿಕೊಂಡು ಮನೆಗೆ ಹೋದರೆ ಪೋಷಕರು ಎರಡು ಮಾತು ಅನ್ನಬಹುದು. ಅನ್ನಲಿ, ಕೇಳಿಕೊಳ್ಳೋಣ.

ಮಕ್ಕಳು ಇನ್ನೊಮ್ಮೆ ಕಾರಿನ ಚಿತ್ರ ತಂದು ಕ್ರಯ ಕೇಳಿದರೆ ಹೇಳಿ, ಬಚ್ಚಿಡಬೇಕಾಗಿಲ್ಲ. ಚಕ್ರಬಡ್ಡಿಯ ಲೆಕ್ಕವನ್ನೂ ಮಾಡಿಸಿ. ಆಮೇಲೆ ಒಂದು ಪ್ರಶ್ನೆ ತಿರುಗಿ ಕೇಳಿ: "ಇದು ಕೆಟ್ಟರೆ ಸರಿ ಮಾಡುವವರು ಯಾರು?" ನಿಮ್ಮ ಶಾಲೆಯಲ್ಲಿ ಏನು ಉತ್ತರ ಬಂತೆಂದು ನಮಗೂ ಬರೆದು ತಿಳಿಸಿ.